ಸಮಸ್ಯಾಪೂರಣ: ಎಂಬತ್ತಾದೊಡಮವಂಗೆ ಪತ್ತೊಂಬತ್ತೇ

ಸಂಚಾಲಕರು:
ಈ ವಾರದ ಸಮಸ್ಯೆಯಾಗಿ ಕಂದಪದ್ಯದ ಕೊನೆಯ ಪಾದವನ್ನು ಕೊಡಲಾಗಿದೆ.

ಎಂಬತ್ತಾದೊಡಮವಂಗೆ ಪತ್ತೊಂಬತ್ತೇ

ಎಂಬತ್ತು ತುಂಬಿದವನಿಗೆ ಹತ್ತೊಂಬತ್ತೇ ಆಗುವುದು ಹೇಗೆಂಬುದನ್ನು ಉಳಿದ ಮೂರು ಪಾದಗಳು ಬಗೆಹರಿಸಬೇಕು. ಬಿಂದುವಿನ (ಅನುಸ್ವಾರದ) ಮುಂದೆ ಬಕಾರ ಬಂದಿರುವುದರಿಂದ ನಾಲ್ಕೂ ಪಾದಗಳಲ್ಲಿ ವೃಷಭಪ್ರಾಸ ನಡೆಯಬೇಕು, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ ಬಿಂದುವಿನ ಮುಂದಿನ ಬಕಾರವೇ ಆಗಿರಬೇಕು. ಫೆಬ್ರವರಿ 29 ಎಂಬ ತಾರೀಖೇ ಸುಳಿವು.

ಮೊದಲ ಪೂರಣ:

ಬೆಂಬಿಡದಿರೆ ಪಾಡುವ ಚಟ
ತಂಬೂರಿಯ ಮೀಟುತಿರ್ಪನಿರುಳುಂ ಪಗಲುಂ
ನಂಬಿಂ ಮನದೊಳಗೆಣಿಸ-
ಲ್ಕೆಂಬತ್ತಾದೊಡಮವಂಗೆ ಪತ್ತೊಂಬತ್ತೇ

ಸಂಚಾಲಕರು:
ಛಂದಸ್ಸಿನಲ್ಲಿ ದೋಷವಿಲ್ಲ, ಇರುಳೂ ಹಗಲೂ ತಂಬೂರಿ ಮೀಟುವ ಮುದುಕರು ಕಣ್ಣಿಗೆ ಕಟ್ಟುತ್ತಾರೆ. ಆದರೆ ಮನಸ್ಸಿನ ಪ್ರಾಯವೆಂದುಬಿಟ್ಟರೆ ಹತ್ತೊಂಬತ್ತರ ಜಾಗದಲ್ಲಿ ಹದಿನೆಂಟನ್ನೋ ಇಪ್ಪತ್ತೈದನ್ನೋ ಇಟ್ಟರೂ ಅರ್ಥ ಕೆಡುವುದಿಲ್ಲ. ಸಮಸ್ಯೆಯಲ್ಲಿ ಒಂದು ಸಂಖ್ಯೆಯಿದ್ದಾಗ ಅದೇ ಸಂಖ್ಯೆ ಏಕೆ ಬೇಕೆಂಬುದನ್ನು ಪೂರಣವು ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಸುಳಿವನ್ನು ಇನ್ನೂ ಯಾರೂ ಮುಟ್ಟಿಲ್ಲ.

ಎರಡನೆಯ ಪೂರಣ:

ಇಂಬಿಲ್ಲದ ಸೆರೆಮನೆಯೊಳ್
ಕಂಬದವೊಲ್ ತಾಂ ಮೊರಾರ್ಜಿ ನಿಂದಂ ದೃಢದಿಂ
ತೊಂಬತ್ತಾರರ ಶಿಶುವ-
ಲ್ತೆಂಬತ್ತಾದೊಡಮವಂಗೆ ಪತ್ತೊಂಬತ್ತೇ

ವಿವರಣೆ: ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು 1896ರ ಫೆಬ್ರವರಿ 29ರಂದು, ಗುಜರಾತಿನ ಭದೇಲಿಯಲ್ಲಿ. ತುರ್ತುಪರಿಸ್ಥಿತಿ ಘೋಷಣೆಯಾದಾಗ, ಅಂದರೆ 1975ರ ಜೂನ್‌ನಲ್ಲಿ, ಬಂಧಿತರಾದ ಅವರು 1977ರ ಜನವರಿಯವರೆಗೂ ಹೊರಬರಲಿಲ್ಲವಾದ್ದರಿಂದ, ಎಂಬತ್ತು ತುಂಬಿದ 1976ರ ಫೆಬ್ರವರಿ 29 ಬಂಧನದಲ್ಲಿಯೇ ಕಳೆಯಿತು. ಅದು ಅವರ ಪಾಲಿಗೆ ತಾರೀಖು ಸಹಿತ ಬಂದ ಹತ್ತೊಂಬತ್ತನೆಯ ಹುಟ್ಟುಹಬ್ಬ.

ಒಬ್ಬ ಸದಸ್ಯರು:
ಎಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತು ಬರುತ್ತದೆ. ಒಂದು ಹಬ್ಬ ಎಲ್ಲಿ ಹೋಯಿತು?

ಎರಡನೆಯ ಪೂರಣಕಾರರು:
ಅದು 1900ರಲ್ಲಿ ಹೋಯಿತು, "ತೊಂಬತ್ತಾರರ ಶಿಶು" ಎಂದು ಹೇಳಿದ್ದು ಅದಕ್ಕಾಗಿಯೇ. ಹಳೆಯ ಜೂಲಿಯನ್ ಗಣನೆಯಲ್ಲಿ ವರ್ಷವು ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಹೆಚ್ಚಾಗಿದ್ದು, ಶತಮಾನಗಳು ಕಳೆದಂತೆ ಆ ನಿಮಿಷಗಳೇ ದಿನಗಳಾಗಿ ಬೆಳೆದದ್ದರಿಂದ, ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಪಂಚಾಂಗವನ್ನು ತಿದ್ದಿಸಿದರು. ಶತಮಾನದ ಕೊನೆಯ ವರ್ಷವು 400ರಿಂದ ಭಾಗವಾದರೆ ಮಾತ್ರ ಅಧಿಕವರ್ಷವೆಂಬ ಕಟ್ಟಳೆ ಆಗ ಬಂದುದು. ಹೀಗೆ 400 ವರ್ಷಗಳಲ್ಲಿ 100ರ ಬದಲು 97 ಅಧಿಕದಿನಗಳು ಬೀಳುತ್ತವೆ. 2000ಕ್ಕೆ ಫೆಬ್ರವರಿ 29 ಇತ್ತು, 1900ಕ್ಕೆ ಇರಲಿಲ್ಲ, 2100ಕ್ಕೂ ಇರುವುದಿಲ್ಲ. ಆದ್ದರಿಂದ ಮೊರಾರ್ಜಿಯವರ ಮೊದಲ ಹಬ್ಬ ಬಂದದ್ದು ಎಂಟು ವರ್ಷಗಳ ಬಳಿಕ, 1904ರಲ್ಲಿ.

ಸಂಚಾಲಕರು:
ಸಮಸ್ಯೆ ಕೊಡುವಾಗ ನನ್ನ ಮನಸ್ಸಿನಲ್ಲಿದ್ದದ್ದೂ ಇದೇ. ಜೊತೆಗೆ ಒಂದು ಮಾತನ್ನು ಹೇಳಲೇಬೇಕು: "ಮೊರಾರ್ಜಿ" ಎಂಬ ಹೆಸರೇ ಲಘು-ಗುರು-ಲಘುವಾಗಿ ಜಗಣ (ನಾಲ್ಕು ಮಾತ್ರೆಗಳ ಒಂದು ಗುಂಪು), ಕಂದದ ಬೆಸಸ್ಥಾನಗಳಲ್ಲಿ, ಅಂದರೆ ಒಂದು, ಮೂರು, ಐದು ಮುಂತಾದ ಗಣಗಳಲ್ಲಿ, ಅದು ನಿಷಿದ್ಧ. ಆದರೆ ಜಗಣವೋ ಸರ್ವಲಘುವೋ ಬರಲೇಬೇಕಾದ ಆರನೆಯ ಗಣದಲ್ಲಿ ಇವರು ಅದನ್ನು ತಂದು ಕೂರಿಸಿದ್ದಾರೆ. ಇಂಥ ಕಡೆ ಹೆಸರು ತುರುಕಿದಂತೆ ಕಾಣದೆ ತಾನಾಗಿ ಬಂದಂತೆ ಕಾಣುತ್ತದೆ. 1977ರ ಮಾರ್ಚ್ 24ರಂದು 81ರ ಪ್ರಾಯದಲ್ಲಿ ಅವರು ಪ್ರಧಾನಿಯಾದಾಗಲೂ ಲೆಕ್ಕ ಹತ್ತೊಂಬತ್ತರಲ್ಲೇ ನಿಂತಿತ್ತು.

ಮತ್ತೊಬ್ಬ ಸದಸ್ಯರು:
ಇಟಲಿಯ ಸಂಗೀತಕಾರ ರೊಸ್ಸೀನಿಯವರೂ 1792ರ ಇದೇ ತಾರೀಖಿನವರು, 1800ರಲ್ಲಿ ಅವರಿಗೂ ಒಂದು ಹಬ್ಬ ತಪ್ಪಿತ್ತು. ಆದರೆ 76ಕ್ಕೇ ತೀರಿಕೊಂಡದ್ದರಿಂದ ಈ ಪಾದಕ್ಕೆ ಅವರು ಒದಗುವುದಿಲ್ಲ. ಇದೇ ತಾರೀಖಿನ ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲರನ್ನು "ಅವಂಗೆ" ಎಂಬ ಪುಲ್ಲಿಂಗವೇ ಹೊರಗಿಟ್ಟಿದೆ. ಅದನ್ನು "ಅವಳ್ಗೆ" ಎಂದು ತಿದ್ದಿದರೆ ಜಗಣವೇನೋ ಉಳಿಯುತ್ತದೆ, ಆದರೆ ಅವರು 1904ರಲ್ಲಿ ಮದುರೆಯಲ್ಲಿ ಹುಟ್ಟಿದವರಾದ್ದರಿಂದ 1984ಕ್ಕೆ ಇಪ್ಪತ್ತು ಹಬ್ಬಗಳು ಸರಿಯಾಗಿ ಸಂದು, ವಿರೋಧಾಭಾಸವೇ ಕರಗಿಹೋಗುತ್ತದೆ. ಮೊರಾರ್ಜಿಯವರಿಗೆ ಮೊದಲ ಹಬ್ಬ ಒದಗಿದ ದಿನವೇ ಕಲಾಕ್ಷೇತ್ರವೆಂಬ ನೃತ್ಯಸಂಸ್ಥೆಯ ಈ ಸ್ಥಾಪಕಿ ಹುಟ್ಟಿದ್ದು. ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಿರೆಂದು 1977ರಲ್ಲಿ ಮೊರಾರ್ಜಿಯವರು ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಕವಿಗಳು ಈ ಪ್ರಸಂಗಕ್ಕೆ ಇನ್ನೂ ಕೈಹಾಕದಿರುವುದು ನನಗಂತೂ ಆಶ್ಚರ್ಯ.

ಸಂಚಾಲಕರು:
ಆ ಪ್ರಸಂಗಕ್ಕೆ ಕಂದ ಸಾಲದು, ಷಟ್ಪದಿಯೇ ಬೇಕಾದೀತು, ಬರೆಯುವವರು ಬರೆಯಲಿ. ಮುಂದಿನ ವಾರದ ಪಾದ ಇದು:

ನಾಲ್ಕರ ಮರುದಿವಸಮಾಯ್ತು ಪದಿನೈದಲ್ತೇ

ಮೇಲೆ ಹೇಳಿದ ತಿದ್ದುಪಡಿಗಾಗಿ 1582ರ ಅಕ್ಟೋಬರ್‌ನಲ್ಲಿ ಹತ್ತು ದಿನಗಳನ್ನು ಕೈಬಿಟ್ಟಾಗ ಇಟಲಿ, ಸ್ಪೇನ್ ಮುಂತಾದ ಕಡೆ 4ರ ಮರುದಿನ 15 ಬಂದಿತ್ತು. ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಆ ಎರಡು ತಾರೀಖುಗಳ ನಡುವಿನ ರಾತ್ರಿಯಲ್ಲಿ. ಪ್ರಾಸಾಕ್ಷರ ಲಕಾರ-ಕಕಾರಗಳ ಒತ್ತಾದ್ದರಿಂದ ಉಲ್ಕೆ, ವಲ್ಕಲ, ಶುಲ್ಕ, ಕಲ್ಕಿಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆಂದು ಈಗಿನಿಂದಲೇ ಯೋಚಿಸಿರಿ.