ಪದಚರ್ಚೆ: ‘ಅತಿ ಹಗುರ ಕಣ’ – ಇಲ್ಲಿ ‘ಕಣ’ ಸರಿಯೇ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಗೋಡೆಪತ್ರಿಕೆಗೆ ಡಾರ್ಕ್ ಮ್ಯಾಟರ್ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ.

‘ಕಪ್ಪು ದ್ರವ್ಯ’ ಬಿಟ್ಟು ‘ಕಾಣದ ದ್ರವ್ಯ’ ಅಂತ ಬರೆದೆ. ನಮ್ಮಲ್ಲಿ ಕಪ್ಪು ಅಂದರೆ ಎರೆ ಮಣ್ಣು, ಕಣ್ಣು ತುಂಬ ಕಾಣುತ್ತದೆ. ಈ ದ್ರವ್ಯ ಬೆಳಕನ್ನು ಸೂಸುವುದೂ ಇಲ್ಲ, ತಡೆಯುವುದೂ ಇಲ್ಲ. ಅದರ ಸೆಳೆತ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಇದರಲ್ಲಿ ನನಗೆ ಅನುಮಾನ ಇಲ್ಲ.

ತೊಡಕಿರುವುದು ‘ಅತಿ ಹಗುರ ಕಣ’ದಲ್ಲಿ. ಕಾಣದ ದ್ರವ್ಯ ಇಂಥ ಕಣಗಳದ್ದಿರಬಹುದು ಅನ್ನುವುದು ಒಂದು ಊಹೆ. ಎಲೆಕ್ಟ್ರಾನ್ ಸುಮಾರು 5,11,000 ಎಲೆಕ್ಟ್ರಾನ್‌ವೋಲ್ಟ್ (ಇಂಥ ಕಣಗಳ ತೂಕ ಹೇಳುವ ಅಳತೆ) ತೂಗಿದರೆ, ಇದು ಅದೇ ಅಳತೆಯಲ್ಲಿ ದಶಾಂಶ ಚುಕ್ಕಿಯ ಮುಂದೆ 21 ಸೊನ್ನೆ ಇಟ್ಟು 1 ಬರೆದಷ್ಟು. ಇಂಥ ಕಣಗಳು ಅಲೆಯಂತೆಯೂ ನಡೆದುಕೊಳ್ಳುತ್ತವೆ; ಕಣ ಹಗುರವಾದಷ್ಟೂ ಅದರ ಅಲೆ ಉದ್ದ. ನಮ್ಮಂಥ ಗೆಲಾಕ್ಸಿಯಲ್ಲಿ ಈ ಅಲೆ ಎರಡು-ಮೂರು ಸಾವಿರ ಜ್ಯೋತಿರ್ವರ್ಷ ಉದ್ದ ಆಗುತ್ತದೆ! ಇಷ್ಟು ದೊಡ್ಡದನ್ನು ಕಣ ಅನ್ನುವುದು ಹೇಗೆ?

ಕ್ಲಾಸಿನಲ್ಲಿ ಕಣ ಅಂದರೆ ತೊಗರಿ ರಾಶಿ ಮಾಡುವ ಕಣವಲ್ಲ, ಸಣ್ಣ ಕಾಳಿನಂಥದ್ದು ಅಂತ ಮೊದಲೇ ಹೇಳಿದ್ದೆ. ಅಲೆಯ ಉದ್ದ ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗಿ ಎದ್ದು ನಿಂತಳು: “ಸರ್, ಕಾಳಂದ್ರ ಒಂದೇ ಕಡಿ ಬೀಳ್ತದ. ಇದು ಹೊಟ್ಟಿನಂಗ ಹರಡ್ಕೊಂಡದಲ್ರಿ?” ತೂರುವಾಗ ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ, ಅಲ್ವಾ? ಹೊಟ್ಟನ್ನು ಹರಡುವುದು ಗಾಳಿ, ಇಲ್ಲಿ ಗಾಳಿ ಇಲ್ಲ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಆದರೂ ಹಗುರಕ್ಕೂ ಹರವಿಗೂ ಇರುವ ನಂಟನ್ನು ಅವಳು ಹಿಡಿದಳು. ನನಗೆ ತುಂಬ ಖುಷಿಯಾಯಿತು.

2000ದಲ್ಲಿ ವೇಯ್ನ್ ಹೂ, ರೆನ್ನನ್ ಬರ್ಕಾನಾ, ಆಂಡ್ರೇ ಗ್ರುಜಿನೋವ್ ಎಂಬ ವಿಜ್ಞಾನಿಗಳು ಇಂಥ ಕಣಗಳ ದ್ರವ್ಯವನ್ನು ‘ಫಝಿ’ (ಅಂಚು ಸ್ಪಷ್ಟವಿಲ್ಲದ್ದು) ಎಂದು ಕರೆದರು. ಅಲೆಗಿಂತ ಸಣ್ಣ ಜಾಗದಲ್ಲಿ ಈ ದ್ರವ್ಯ ಒತ್ತಾಗಿ ಗುಡ್ಡೆ ಬೀಳುವುದಿಲ್ಲ. ಗೆಲಾಕ್ಸಿಯ ನಟ್ಟನಡುವೆಯೂ ಚೂಪಾಗಿ ಏರದೆ ಮೆತ್ತಗೆ ಹರಡಿರುತ್ತದೆ. ‘ಫಝಿ’ಗೆ ಕನ್ನಡದಲ್ಲಿ ಏನನ್ನೋಣ? ‘ಮಸುಕು’ ಅಂದರೆ ನೋಡುವ ಕಣ್ಣಿನ ದೋಷ ಅನ್ನಿಸುತ್ತದೆ. ‘ಮಬ್ಬು’ ಅಂದರೆ ಬೆಳಕು ಕಡಿಮೆ ಅಂತ, ಗೊಂದಲ ಇನ್ನೂ ಜಾಸ್ತಿ.

ಸದ್ಯಕ್ಕೆ ‘ಹರವು ದ್ರವ್ಯ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಕಿವಿಗೆ ಒಪ್ಪುತ್ತದೆಯೇ? ಬೀದರ್, ಯಾದಗಿರಿ ಕಡೆಯವರು ಹೊಟ್ಟು ಹೀಗೆ ಹರಡಿ ಬೀಳುವುದಕ್ಕೆ ಬೇರೆ ಮಾತು ಆಡುತ್ತಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಪುಟ ಅಂಟಿಸಬೇಕು.