ಭಿನ್ನರಾಶಿ ಬಂದ ಕೂಡಲೇ ಸಮೀಕರಣ ತಪ್ಪುತ್ತೆ, ಏನು ಮಾಡೋದು?

ಪ್ರಶ್ನೆ:
ಮಗಳು ಎಂಟನೇ ಕ್ಲಾಸು. ಸಾದಾ ಸಮೀಕರಣ ಕೊಟ್ಟರೆ ಪಟಪಟ ಬಿಡಿಸುತ್ತಾಳೆ, ಭಿನ್ನರಾಶಿ ಬಂತೋ ಮುಗೀತು, ಪ್ರತಿ ಸಲ ಬೇರೆ ಉತ್ತರ. ಈ ಲೆಕ್ಕ ನೋಡಿ: (ಯ + 1)/2 − (ಯ − 2)/3 = 2. ಒಂದು ಸಲ 13 ಬಂತು, ಇನ್ನೊಂದು ಸಲ −5. ಸರಿ ಉತ್ತರ 5 ಅಂತೆ. ನಾನು ಓದಿದ್ದು ಆರ್ಟ್ಸ್, ಎಲ್ಲಿ ತಪ್ಪಿದೆ ಅಂತ ಹೇಳೋಕೆ ನನಗೇ ಗೊತ್ತಾಗುತ್ತಿಲ್ಲ. ನಿಮ್ಮ ಮಕ್ಕಳಿಗೆ ಹೇಗೆ ಕಲಿಸಿದಿರಿ? (ಎಕ್ಸ್ ಬದಲು ಯ ಬರೆದಿದ್ದೇನೆ, ಕೀಬೋರ್ಡ್ ಬದಲಾಯಿಸೋ ತಲೆನೋವು ಬೇಡ ಅಂತ.)

ಉತ್ತರ:
ಮೇಡಂ, ನಾನು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಇಂಥ 13, −5 ಪ್ರತಿ ವರ್ಷವೂ ಬರುತ್ತವೆ, ಗಾಬರಿ ಬೇಡ. ನಿಮ್ಮ ಮಗಳಿಗೆ ಭಿನ್ನರಾಶಿ ಬರೋದಿಲ್ಲ ಅಂತಲ್ಲ. ಎರಡೇ ಎರಡು ಕಡೆ ಕೈ ತಪ್ಪುತ್ತಿದೆ.

ಮೊದಲು −5 ನೋಡಿ. 2 ಮತ್ತು 3ರ ಲ.ಸಾ.ಅ. (ಎರಡರಿಂದಲೂ ಶೇಷ ಉಳಿಯದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 6. ಅದರಿಂದ ಗುಣಿಸಿದರೆ ಎಡಗಡೆ 3(ಯ + 1) − 2(ಯ − 2) ಆಗುತ್ತೆ. ಇಲ್ಲಿವರೆಗೆ ಅವಳು ಸರಿಯಾಗೇ ಮಾಡಿದ್ದಾಳೆ. ಆದರೆ ಬಲಗಡೆ ಒಂಟಿಯಾಗಿ 2 ಇದೆಯಲ್ಲ, ಅದಕ್ಕೆ ಛೇದ ಇಲ್ಲ ಅಂತ ಮಕ್ಕಳು ಅದನ್ನ ಮುಟ್ಟೋದೇ ಇಲ್ಲ, ಹಾಗೇ ಕೆಳಗಿಳಿಸುತ್ತಾರೆ. ಅದು 12 ಆಗಬೇಕು. ಪಂಕ್ತಿಯಲ್ಲಿ ಬಡಿಸಿದ ಹಾಗೆ, ಕೊನೆ ಎಲೆಗೂ ಬೀಳಬೇಕು. ಈಗ ಯ ಇರುವಲ್ಲಿ −5 ಹಾಕಿ ತಾಳೆ ನೋಡಿಸಿ: −2 + 7/3, ಅಂದರೆ 1/3. ಬರಬೇಕಿದ್ದದ್ದು 2, ಬಂದದ್ದು ಅದರ ಆರನೇ ಒಂದು ಪಾಲು. ಆ ಆರು ಎಲ್ಲಿ ಬಿಟ್ಟುಹೋಯ್ತು ಅಂತ ಅವಳನ್ನೇ ಕೇಳಿ, ಹುಡುಕಲಿ. ನೀವು ಹೇಳಬೇಡಿ.

ಇನ್ನು 13. ಇದು ಮೈನಸ್ ಕಾಟ. ಭಿನ್ನರಾಶಿಯ ಗೆರೆ ಸುಮ್ನೆ ಭಾಗಾಕಾರ ಅಲ್ಲ, ಅದು ಆವರಣವೂ ಹೌದು. ಛೇದ ಹೋದ ಮೇಲೆ ಗೆರೆಯೂ ಹೋಗುತ್ತೆ, ಆಗ ಆವರಣ ಹಾಕದೇ ಬರೆದರೆ 2 ಎರಡಕ್ಕೂ ತಾಗಿದರೂ ಅದರ ಮುಂದಿನ ಮೈನಸ್ ಯಗೆ ಮಾತ್ರ ತಾಗಿ, −2ಯ − 4 ಅಂತ ಆಗಿಬಿಡುತ್ತೆ. ಮೈನಸ್ಸಿಗೆ ಮೈನಸ್ ಗುಣಿಸಿದರೆ +4 ಅಲ್ವಾ. 3ಯ + 3 − 2ಯ + 4 = 12, ಯ + 7 = 12, ಯ = 5. ನನ್ನ ಹುಡುಗರಿಗೆ ಒಂದೇ ಕಟ್ಟಳೆ: ಗುಣಿಸೋಕೆ ಮುಂಚೆಯೇ ಪ್ರತಿ ಅಂಶಕ್ಕೂ ಪೆನ್ಸಿಲಿನಲ್ಲಿ ಆವರಣ ಹಾಕಬೇಕು, ಆಮೇಲೆ ಬಿಡಿಸೋ ಹೆಜ್ಜೆಯನ್ನ ಬೇರೆ ಸಾಲಿನಲ್ಲಿ ಬರೆಯಬೇಕು. ಎರಡು ಹೆಜ್ಜೆಯನ್ನ ಮನಸ್ಸಲ್ಲೇ ಒಟ್ಟಿಗೆ ಮಾಡಲು ಹೋಗುವವರೇ ಜಾಸ್ತಿ ತಪ್ಪುತ್ತಾರೆ, ಅದೂ ಜಾಣ ಮಕ್ಕಳೇ.

ಉತ್ತರ:
ನನ್ನ ಮಗನದು ಬೇರೆ ಕಥೆ. ಓರೆ ಗುಣಾಕಾರ (ಒಂದು ಕಡೆಯ ಛೇದದಿಂದ ಇನ್ನೊಂದು ಕಡೆಯ ಅಂಶವನ್ನ ಗುಣಿಸೋದು) ಅಂತ ಒಂದು ಕಲಿತುಬಿಟ್ಟ, ಕಂಡ ಕಂಡ ಕಡೆ ಅದನ್ನೇ ಹಾಕುತ್ತಿದ್ದ. ಎರಡೂ ಕಡೆ ಒಂದೊಂದೇ ಭಿನ್ನರಾಶಿ ಇದ್ದರೆ ಸರಿ, (ಯ + 1)/3 = (ಯ − 1)/2 ಥರ. ಎಡಗಡೆ ಎರಡು ಭಿನ್ನರಾಶಿ ಇದ್ದರೆ ಮೊದಲು ಕೂಡಿಸಿ ಒಂದು ಮಾಡಬೇಕು. ಅದು ಬಿಟ್ಟು ಒಂದರ ಛೇದವನ್ನ ಮಾತ್ರ ಆಚೆ ಎಸೆದರೆ ಲೆಕ್ಕ ಕೆಟ್ಟಿತು. ಆರು ತಿಂಗಳು ಆ ಹೆಸರೇ ಎತ್ತಬೇಡ ಅಂದೆ, ಸರಿಹೋಯ್ತು.

ಉತ್ತರ:
ಹೈಸ್ಕೂಲು ಮೇಷ್ಟ್ರು ನಾನು. ಮೇಲಿನವರು ಹೇಳಿದ್ದೆಲ್ಲ ಸರಿ, ಒಂದು ಮಾತ್ರ ಸೇರಿಸುತ್ತೇನೆ. ಲ.ಸಾ.ಅ. ಗುಣಿಸೋದು ಚೆನ್ನಾಗಿ ರೂಢಿಯಾದ ಮೇಲೆ, ಸುಮ್ನೆ ‘ಯ/2 + ಯ/3 ಸುಲಭೀಕರಿಸಿ’ ಅಂದರೂ 6ರಿಂದ ಗುಣಿಸಿ 5ಯ ಅಂತ ಬರೆದು ಕೂರುತ್ತಾರೆ. ಅಲ್ಲಿ ಸಮ ಚಿಹ್ನೆಯೇ ಇಲ್ಲ, ಛೇದ ಹಾರಿಸೋಕೆ ನಮಗೆ ಹಕ್ಕಿಲ್ಲ, ಉತ್ತರ 5ಯ/6. ಎರಡೂ ಥರದ ಲೆಕ್ಕವನ್ನ ಬೆರೆಸಿ ಕೊಡಿ, ಆಗಲೇ ಗೊತ್ತಾಗೋದು.

ಲ.ಸಾ.ಅ. ಸಿಗದಿದ್ದರೆ ಛೇದಗಳನ್ನ ಒಂದಕ್ಕೊಂದು ಗುಣಿಸಿದರೂ ನಡೆಯುತ್ತೆ, 4 ಮತ್ತು 6 ಇದ್ದರೆ 24. ಉತ್ತರ ಬದಲಾಗಲ್ಲ, ಸಂಖ್ಯೆ ದೊಡ್ಡದಾಗುತ್ತೆ ಅಷ್ಟೇ. 12 ತಗೊಂಡರೆ ಕೆಲಸ ಕಮ್ಮಿ. ಈ ಉಪಾಯ ನಮ್ಮ ಕಡೆಯವರಿಗೆ ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಸುಮಾರು 850ರ ಗಣಿತಸಾರಸಂಗ್ರಹದಲ್ಲೇ ಭಿನ್ನರಾಶಿಗೆ ಲ.ಸಾ.ಅ. ಬಳಸೋದನ್ನ ಹೇಳಿದ್ದಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆರು ಎಲ್ಲಿ ಹೋಯ್ತು ಅಂತ ಕೇಳಿದೆ, ‘ಅಯ್ಯೋ ಅಮ್ಮ’ ಅಂತ ತಲೆ ಚಚ್ಚಿಕೊಂಡು ಅವಳೇ ತಿದ್ದಿದಳು. ಮೈನಸ್ ಇನ್ನೂ ಕಾಡುತ್ತಿದೆ. ಅಭ್ಯಾಸಕ್ಕೆ ಮಜಾ ಇರೋ ಲೆಕ್ಕ ಯಾವುದಾದರೂ ಇದ್ದರೆ ಹೇಳಿ.

ಉತ್ತರ:
ಅಕ್ಕ, ಭಾಸ್ಕರಾಚಾರ್ಯರ ಲೀಲಾವತಿಯ ದುಂಬಿ ಲೆಕ್ಕ ಕೊಡಿ. ದುಂಬಿಗಳ ಹಿಂಡಿನಲ್ಲಿ ಐದನೇ ಒಂದು ಪಾಲು ಕದಂಬದ ಹೂವಿಗೆ ಹೋಯಿತು, ಮೂರನೇ ಒಂದು ಪಾಲು ಶಿಲೀಂಧ್ರದ ಹೂವಿಗೆ, ಈ ಎರಡರ ವ್ಯತ್ಯಾಸದ ಮೂರರಷ್ಟು ಕುಟಜದ ಕಡೆಗೆ. ಒಂದು ದುಂಬಿ ಮಾತ್ರ ಗಾಳಿಯಲ್ಲೇ ಅಲೆದಾಡುತ್ತಿದೆ. ಒಟ್ಟು ಎಷ್ಟು? ಸಮೀಕರಣ ಅವಳೇ ಬರೆಯಲಿ: ಯ/5 + ಯ/3 + 3(ಯ/3 − ಯ/5) + 1 = ಯ. ಇದರಲ್ಲಿ ಮೈನಸ್ಸೂ ಇದೆ, ಛೇದ ಇಲ್ಲದ 1 ಕೂಡ ಇದೆ, ಬಲಗಡೆ ಒಂಟಿ ಯ ಬೇರೆ. 15ರಿಂದ ಗುಣಿಸುವಾಗ ಆ 1 ಮತ್ತು ಒಂಟಿ ಯ ಮೇಲೆ ಕಣ್ಣಿಡಿ. ಉತ್ತರ 15, ತಾಳೆ ನೋಡಿದರೆ 3 + 5 + 6 + 1.