ಸಂಗೀತ ಪದವಿ ಓದಿದರೆ ವಾದಕನಾಗಿ ಬದುಕಬಹುದೇ? ಎರಡು ಪ್ರವೇಶಗಳಲ್ಲಿ ಯಾವುದನ್ನು ಒಪ್ಪಿಕೊಳ್ಳಲಿ?

ಪ್ರಶ್ನೆ (ಪಿಟೀಲು ವಿದ್ಯಾರ್ಥಿ):

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ವಯಸ್ಸಿನಿಂದ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಪಿಟೀಲು ಕಲಿಯುತ್ತಿದ್ದೇನೆ. ಹಂತ ಹಂತದ ವಾದನ ಪರೀಕ್ಷೆಗಳಲ್ಲಿ ಎಂಟನೆಯ ಗ್ರೇಡ್ ಮುಗಿದಿದೆ. ಆರ್ಕೆಸ್ಟ್ರಾದಲ್ಲಿ ನುಡಿಸುವುದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬುದು ನನ್ನ ಆಸೆ. ಈಗ ಎರಡು ಕಡೆ ಪ್ರವೇಶ ದೊರೆತಿದೆ. ಒಂದು ಕನ್ಸರ್ವೇಟರಿ, ಅಲ್ಲಿ ನಾಲ್ಕು ವರ್ಷಗಳ ಪಠ್ಯದ ಬಹುಪಾಲು ವಾದನ, ಸಂಗೀತ ಸಿದ್ಧಾಂತ, ಶ್ರವಣ ತರಬೇತಿ ಮತ್ತು ಮೇಳವಾದನಕ್ಕೇ ಮೀಸಲು. ಇನ್ನೊಂದು ವಿಶ್ವವಿದ್ಯಾಲಯ, ಅಲ್ಲಿ ಸಂಗೀತ ಮುಖ್ಯ ವಿಷಯವಾದರೂ ಅರ್ಧಕ್ಕಿಂತ ಹೆಚ್ಚು ಓದು ಬೇರೆ ವಿಷಯಗಳದ್ದು. ಪದವಿ ಮುಗಿದ ಮೇಲೆ ಆ ಕಾಗದವನ್ನು ಯಾರು ಕೇಳುತ್ತಾರೆ ಎಂದು ಮನೆಯವರು ಕೇಳುತ್ತಾರೆ. ನನ್ನಲ್ಲಿ ಉತ್ತರವಿಲ್ಲ. ಈ ದಾರಿಯಲ್ಲಿ ನಡೆದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1 (ಆರ್ಕೆಸ್ಟ್ರಾ ವಾದಕ):

ನಿಮ್ಮ ಮನೆಯವರ ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆಡಿಷನ್‌ಗೆ, ಅಂದರೆ ವಾದಕರನ್ನು ಆರಿಸಲು ನುಡಿಸಿ ನೋಡುವ ಪರೀಕ್ಷೆಗೆ, ಕರೆಯುವ ಮುನ್ನ ಎಲ್ಲಿ ಓದಿದಿರಿ, ಯಾರ ಬಳಿ ಕಲಿತಿರಿ ಎಂದು ನೋಡುವುದುಂಟು. ಆದರೆ ಅಲ್ಲಿಗೆ ಹೋದ ಮೇಲೆ ಕಾಗದದ ಮಾತು ಮುಗಿಯಿತು. ಅನೇಕ ಆರ್ಕೆಸ್ಟ್ರಾಗಳು ಕನಿಷ್ಠ ಮೊದಲ ಸುತ್ತನ್ನು ಪರದೆಯ ಹಿಂದೆ ನಡೆಸುತ್ತವೆ. ಅಮೆರಿಕದಲ್ಲಿ 1970ರ ದಶಕದಿಂದೀಚೆಗೆ ವ್ಯಾಪಕವಾದ ಪದ್ಧತಿ ಇದು. ನಡಿಗೆಯ ಸದ್ದಿನಿಂದ ನುಡಿಸುವವರು ಗಂಡೋ ಹೆಣ್ಣೋ ಎಂಬುದು ತಿಳಿಯಬಾರದೆಂದು ವೇದಿಕೆಗೆ ಜಮಖಾನ ಹಾಸುವುದೂ ಉಂಟು. ಒಳಗೆ ಕುಳಿತವರಿಗೆ ನೀವು ಒಂದು ಸಂಖ್ಯೆ ಮಾತ್ರ.

ಅಲ್ಲಿ ನುಡಿಸಬೇಕಾದದ್ದು ಸಾಮಾನ್ಯವಾಗಿ ಮೊಜಾರ್ಟ್‌ನ ಒಂದು ಕನ್ಚೆರ್ಟೋದ (ಒಂದು ವಾದ್ಯ ಮುಂದಾಗಿ ಆರ್ಕೆಸ್ಟ್ರಾದೊಡನೆ ನುಡಿಸುವ ಕೃತಿಯ) ಮೊದಲ ಭಾಗ, ಆಮೇಲೆ ಆರ್ಕೆಸ್ಟ್ರಾ ಕೃತಿಗಳಿಂದ ಆಯ್ದ ಕೆಲವು ತುಣುಕುಗಳು. ರಿಚರ್ಡ್ ಸ್ಟ್ರಾಸ್‌ನ ‘ಡಾನ್ ಹುವಾನ್’ ಕೃತಿಯ ಮೊದಲ ಪುಟ, ಶೂಮನ್‌ನ ಎರಡನೆಯ ಸಿಂಫನಿಯ ಸ್ಕೆರ್ಟ್ಸೋ ಎಂಬ ವೇಗದ ಭಾಗ, ಇವುಗಳಿಂದ ಪಿಟೀಲಿನವರಿಗೆ ಬಿಡುಗಡೆಯೇ ಇಲ್ಲ. ಒಂದೊಂದು ತುಣುಕೂ ಒಂದೆರಡು ನಿಮಿಷದ್ದು. ಇಷ್ಟವಾಗದಿದ್ದರೆ ನಡುವೆಯೇ ‘ಸಾಕು, ಧನ್ಯವಾದ’ ಎನ್ನುತ್ತಾರೆ. ನಾನು ಮೊದಲ ಐದು ಆಡಿಷನ್‌ಗಳಲ್ಲಿ ಆ ಮಾತನ್ನು ಕೇಳಿ ಮನೆಗೆ ಬಂದವನು. ಆರನೆಯದಕ್ಕೆ ಮುನ್ನ, ನನ್ನದೇ ರೆಕಾರ್ಡಿಂಗನ್ನು ಲಯ ತೋರಿಸುವ ಮೆಟ್ರೊನೋಮ್ ಜೊತೆ ಅರ್ಧ ವೇಗದಲ್ಲಿ ಕೇಳಿದಾಗ, ಸ್ವರಗಳೆಲ್ಲ ಸರಿಯಾಗಿಯೇ ಇದ್ದರೂ ಪ್ರತಿಯೊಂದು ವಿರಾಮವನ್ನೂ ನಾನು ಒಂದಿಷ್ಟು ಮೊಟಕು ಮಾಡುತ್ತಿದ್ದೆನೆಂಬುದು ಗೊತ್ತಾಯಿತು. ನುಡಿಸದೇ ಇರುವ ಜಾಗದಲ್ಲಿ ಲಯ ತಪ್ಪುತ್ತಿತ್ತು! ಅದನ್ನು ಹೇಳಬೇಕಾಗಿದ್ದ ಗುರುಗಳು ನಾಲ್ಕು ವರ್ಷವೂ ಹೇಳಿರಲಿಲ್ಲ, ಏಕೆಂದರೆ ತಮ್ಮದೇ ಕಛೇರಿಗಳಿಗಾಗಿ ಅವರು ಹೆಚ್ಚಾಗಿ ಪ್ರವಾಸದಲ್ಲಿರುತ್ತಿದ್ದರು.

ಆದ್ದರಿಂದ ನೀವು ಆರಿಸಿಕೊಳ್ಳಬೇಕಾದದ್ದು ಸಂಸ್ಥೆಯನ್ನಲ್ಲ, ವಾರವಾರವೂ ನಿಮ್ಮ ಪಕ್ಕದಲ್ಲಿ ನಿಂತು ಕೇಳುವ ಕಿವಿಯನ್ನು. ಆರ್ಕೆಸ್ಟ್ರಾವೇ ಗುರಿಯೆಂದಾದರೆ ನಾನು ಕನ್ಸರ್ವೇಟರಿಯ ಕಡೆಗೇ ವಾಲುತ್ತೇನೆ. ದಿನಕ್ಕೆ ಐದಾರು ಗಂಟೆ ವಾದ್ಯದೊಡನೆ ಇರಲು ಇನ್ನಾರೂ ನಿಮಗೆ ನಾಲ್ಕು ವರ್ಷ ಬಿಟ್ಟುಕೊಡುವುದಿಲ್ಲ.

ಉತ್ತರ 2 (ಪಿಯಾನೋ ಸಹವಾದಕಿ):

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆರ್ಕೆಸ್ಟ್ರಾದ ಕುರ್ಚಿ ಸಿಗದೇ ಹೋದವರ ಸಂಖ್ಯೆಯೇ ದೊಡ್ಡದು. ಒಂದು ಖಾಲಿ ಸ್ಥಾನಕ್ಕೆ ನೂರಕ್ಕೂ ಮಿಕ್ಕಿ ಅರ್ಜಿಗಳು ಬರುವುದು ಈ ವೃತ್ತಿಯಲ್ಲಿ ಅಪರೂಪವೇನಲ್ಲ. ನಾನು ಏಕವಾದನದ ಕನಸಿಟ್ಟುಕೊಂಡು ಪಿಯಾನೋದಲ್ಲಿ ಪದವಿ ಪಡೆದವಳು. ಇಂದು ನನ್ನ ಆದಾಯದ ಅರ್ಧ ಗಾಯಕರಿಗೂ ವಾದಕರಿಗೂ ಸಹವಾದನ ಮಾಡುವುದರಿಂದ, ಉಳಿದದ್ದು ಪಾಠ ಹೇಳುವುದರಿಂದ ಬರುತ್ತದೆ. ಇದನ್ನು ಸೋಲೆಂದು ಭಾವಿಸಿದ ಕಾಲವೊಂದಿತ್ತು, ಈಗ ಹಾಗನ್ನಿಸುವುದಿಲ್ಲ.

ಬದುಕಿಗೆ ಒದಗಿದ್ದು ಯಾವ ಪಾಠವೆಂದು ನೋಡಿದರೆ ನನಗೇ ನಗು ಬರುತ್ತದೆ. ನಾಲ್ಕು ಧ್ವನಿಗಳ ಸ್ವರಮೇಳವನ್ನು ಕೇಳಿ ಬರೆದುಕೊಳ್ಳುವ ತರಗತಿ ಬೆಳಗ್ಗೆ ಎಂಟಕ್ಕಿರುತ್ತಿತ್ತು. ನಡುವಿನ ಎರಡು ಧ್ವನಿಗಳು ನನಗೆ ಕೇಳಿಸುತ್ತಲೇ ಇರಲಿಲ್ಲ, ಊಹಿಸಿ ಬರೆಯುತ್ತಿದ್ದೆ, ಎರಡು ಸಲ ಅನುತ್ತೀರ್ಣಳಾದೆ. ಮೂರನೆಯ ಸಲ ಅಧ್ಯಾಪಕರು ಬರೆಯುವುದನ್ನು ಬಿಡಿಸಿ, ಪ್ರತಿ ಧ್ವನಿಯನ್ನೂ ಒಂದೊಂದಾಗಿ ಹಾಡಿಸಿದರು. ಈಗ ಗಾಯಕಿಯೊಬ್ಬರು ತಾಲೀಮಿನಲ್ಲಿ ‘ಇವತ್ತು ಗಂಟಲು ಸರಿಯಿಲ್ಲ, ಒಂದು ಸ್ವರ ಕೆಳಗಿಂದ ನುಡಿಸುವಿರಾ’ ಎಂದು ಕೇಳಿದರೆ, ಲಿಪಿಯನ್ನು ನೋಡುತ್ತಲೇ ಶ್ರುತಿ ಬದಲಿಸಿ ನುಡಿಸಬಲ್ಲೆನಾದರೆ ಅದು ಆ ತರಗತಿಯ ಋಣ. ಕೆಲಸಕ್ಕೆ ಕರೆಯುವವರು ಕೂಡ ಹೆಚ್ಚಾಗಿ ಅಂದಿನ ಸಹಪಾಠಿಗಳೇ. ಹೇಳಿದ ಹೊತ್ತಿಗೆ ಬರುತ್ತಾಳೆ, ತಯಾರಾಗಿ ಬರುತ್ತಾಳೆ ಎಂದು ಅವರಿಗೆ ಗೊತ್ತಿದೆ.

ಕಾಗದದ ವಿಷಯ: ಶಾಲಾ ಅಧ್ಯಾಪನಕ್ಕೆ ಪದವಿಯೊಂದಿಗೆ ಬೋಧನಾ ಅರ್ಹತೆಯನ್ನೂ, ವಿಶ್ವವಿದ್ಯಾಲಯದ ಅಧ್ಯಾಪನಕ್ಕೆ ಸ್ನಾತಕೋತ್ತರ ಪದವಿಯನ್ನೋ ಡಾಕ್ಟರೇಟನ್ನೋ ಸಾಮಾನ್ಯವಾಗಿ ಕೇಳುತ್ತಾರೆ. ಕನ್ಸರ್ವೇಟರಿಗೇ ಸೇರಿ, ಆದರೆ ಬೋಧನಾ ವಿಧಾನದ ಐಚ್ಛಿಕ ವಿಷಯವಿದ್ದರೆ ಅದನ್ನು ಬಿಡಬೇಡಿ. ವಾದಕರಲ್ಲಿ ಬಹುಮಂದಿ ಒಂದಲ್ಲ ಒಂದು ಹಂತದಲ್ಲಿ ಪಾಠ ಹೇಳಿಯೇ ಹೇಳುತ್ತಾರೆ. ಕಲಿಸುವುದನ್ನು ಕಲಿಯದೆ ಕಲಿಸಲು ಕುಳಿತ ನನ್ನ ಮೊದಲ ಶಿಷ್ಯರನ್ನು ನೆನೆದರೆ ಈಗಲೂ ಅಯ್ಯೋ ಪಾಪ ಎನಿಸುತ್ತದೆ.

ಉತ್ತರ 3 (ಧ್ವನಿಮುದ್ರಣ ತಂತ್ರಜ್ಞ, ಒಂದು ಕಾಲದ ಸೆಲ್ಲೋ ವಾದಕ):

‘ದಿನಕ್ಕೆ ಐದಾರು ಗಂಟೆ’ ಎಂಬ ಮಾತಿಗೆ ಒಂದು ತಿದ್ದುಪಡಿ. ಎಡಗೈಯ ಸ್ನಾಯುರಜ್ಜುಗಳ ಉರಿಯೂತದಿಂದ ಮೂರನೆಯ ವರ್ಷದಲ್ಲಿ ನಾನು ವಾದ್ಯವನ್ನು ಕೆಳಗಿಡಬೇಕಾಯಿತು. ನೋವನ್ನು ಶ್ರಮದ ಗುರುತೆಂದು ತಿಳಿದಿದ್ದೆ, ಯಾರಿಗೂ ಹೇಳಲಿಲ್ಲ. ಪಿಯಾನೋ ವಾದಕ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈಯ ಹಿಡಿತ ಕಳೆದುಕೊಂಡು, ಎರಡೂ ಕೈಗಳಿಂದ ನುಡಿಸಲು ಸುಮಾರು ಮೂರು ದಶಕ ಕಾಯಬೇಕಾಯಿತು. ಅವರದು ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ, ನನ್ನದಕ್ಕಿಂತ ಬೇರೆ. ಆದರೆ ಕೈ ಏನನ್ನೋ ಹೇಳುತ್ತಿರುವಾಗ ಅಭ್ಯಾಸ ಹೆಚ್ಚಿಸಿ ಅದರ ಬಾಯಿ ಮುಚ್ಚಿಸುವ ತಪ್ಪನ್ನು ನಾವೆಲ್ಲ ಮಾಡುತ್ತೇವೆ. ಕಿವಿಯ ಲೆಕ್ಕವೂ ಇದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದರೆ, ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದೇ ಗಂಟೆ. ಪಿಟೀಲು ಎಡಗಿವಿಯ ಕೆಳಗೇ ಇರುತ್ತದೆ, ಅಭ್ಯಾಸದ ಕೊಠಡಿಗಳೋ ಬೆಂಕಿಪೊಟ್ಟಣದಷ್ಟು. ವಾದಕರಿಗೆಂದೇ ಮಾಡಿದ ಕಿವಿಬಿರಟೆಯನ್ನು ಮೊದಲ ವಾರವೇ ಮಾಡಿಸಿಕೊಳ್ಳಿ.

ಧ್ವನಿಮುದ್ರಣವನ್ನು ನಾನು ಕಲಿತದ್ದು, ಕೈ ವಾಸಿಯಾಗಲೆಂದು ಕಾಯುತ್ತಿದ್ದ ಸೆಮಿಸ್ಟರಿನಲ್ಲಿ, ಅದೇ ಕನ್ಸರ್ವೇಟರಿಯ ನೆಲಮಾಳಿಗೆಯಲ್ಲಿ.

ಪ್ರಶ್ನಿಸಿದವರು:

ಮೂವರಿಗೂ ಧನ್ಯವಾದಗಳು. ಗುರುಗಳನ್ನು ನೋಡಿ ಆರಿಸಬೇಕೆಂದಿರಿ. ಸೇರುವ ಮುನ್ನವೇ ಅದನ್ನು ತಿಳಿಯುವುದು ಹೇಗೆ?

ಉತ್ತರ 1 ನೀಡಿದವರು:

ಪ್ರವೇಶ ದೊರೆತವರಿಗೆ ಪರಿಚಯ ಪಾಠವೊಂದನ್ನು ಕೊಡಲು ಬಹಳ ಮಂದಿ ಅಧ್ಯಾಪಕರು ಒಪ್ಪುತ್ತಾರೆ. ಎರಡೂ ಕಡೆಯ ಅಧ್ಯಾಪಕರಿಗೆ ಪತ್ರ ಬರೆದು ಕೇಳಿ. ಹೋಗುವಾಗ ಚೆನ್ನಾಗಿ ಬರುವ ಕೃತಿಯನ್ನು ಒಯ್ಯಬೇಡಿ, ಎಲ್ಲಿ ಕೆಡುತ್ತದೆಂದು ನಿಮಗೇ ಅರ್ಥವಾಗದ ಕೃತಿಯನ್ನು ಒಯ್ಯಿರಿ. ಒಂದು ಗಂಟೆಯಲ್ಲಿ ಅವರು ಎಷ್ಟು ಹೊತ್ತು ಮಾತನಾಡಿದರು, ಎಷ್ಟು ಹೊತ್ತು ಕೇಳಿದರು ಎಂಬುದನ್ನು ಗಮನಿಸಿ. ಪಾಠ ಮುಗಿದ ಮೇಲೆ, ವರ್ಷಕ್ಕೆ ಎಷ್ಟು ವಾರ ತಾವೇ ಪಾಠ ಹೇಳುತ್ತಾರೆ, ಎಷ್ಟು ವಾರ ಸಹಾಯಕರು ಹೇಳುತ್ತಾರೆ ಎಂದು ನೇರವಾಗಿ ಕೇಳಿಬಿಡಿ. ಕೇಳಲು ಸಂಕೋಚವಾದರೆ ಅವರ ಈಗಿನ ಶಿಷ್ಯರನ್ನು ಕಾರಿಡಾರಿನಲ್ಲಿ ಹಿಡಿಯಿರಿ, ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.